ವಿಚ್ಛೇದನದ ತೀರ್ಪು ಬಂದ ದಿನ ನನ್ನ ಎಚ್-4 ಏನಾಗುತ್ತದೆ?

ಮಸಿಕುಡಿಕೆ (ಚರ್ಚೆ ಆರಂಭಿಸಿದವರು)
ಹೆಸರು, ರಾಜ್ಯ, ಕಂಪನಿ ಯಾವುದನ್ನೂ ಬರೆಯುವುದಿಲ್ಲ, ಬೇಸರಿಸಬೇಡಿ. ಅಮೆರಿಕದಲ್ಲಿ ಎಚ್-4 ಮೇಲೆ, ಅಂದರೆ ಗಂಡನ ವೀಸಾ ಅವಲಂಬಿಸಿದ ಸಂಗಾತಿಯ ವೀಸಾ ಮೇಲೆ ಇದ್ದೇನೆ. ಗಂಡನದು ಎಚ್-1ಬಿ, ಕಂಪನಿ ಮಾಡಿಸುವ ಕೆಲಸದ ವೀಸಾ. ಅವರಿಗಾಗಿ ಕಂಪನಿ ಹಾಕಿದ ಗ್ರೀನ್ ಕಾರ್ಡಿನ ಅರ್ಜಿ ಐ-140 ಮಂಜೂರಾಗಿದೆ, ಗ್ರೀನ್ ಕಾರ್ಡ್ ಸಾಲಿನಲ್ಲಿ ಸರದಿ ಎಂದು ಬರುತ್ತದೋ ದೇವರೇ ಬಲ್ಲ. ಆ ಐ-140 ಇರುವುದರಿಂದ ನನಗೂ ಇಎಡಿ ಎಂಬ ಕೆಲಸದ ಅನುಮತಿಯ ಕಾರ್ಡು ಸಿಕ್ಕಿತು, ಮೂರು ವರ್ಷದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಆರು ವರ್ಷದ ಮಗಳಿದ್ದಾಳೆ, ಇಲ್ಲೇ ಹುಟ್ಟಿದವಳು.

ನಾಲ್ಕು ತಿಂಗಳಿಂದ ನಾವಿಬ್ಬರೂ ಬೇರೆ ಬೇರೆ ಮನೆಯಲ್ಲಿದ್ದೇವೆ. ಕಳೆದ ವಾರ ಅವರ ವಕೀಲರಿಂದ ಒಪ್ಪಂದದ ಕರಡು ಬಂತು. ಬೇಗ ಸಹಿ ಹಾಕಿದರೆ ಎಲ್ಲರಿಗೂ ಒಳ್ಳೆಯದು ಎಂದು ಬರೆದಿದ್ದಾರೆ. ಅದರ ಮರುದಿನವೇ ಗಂಡನ ಇಮೇಲ್: "ನಾನು ಒಂದು ಫೋನ್ ಮಾಡಿದರೆ ಸಾಕು, ನಿನ್ನ ವೀಸಾ ರದ್ದಾಗುತ್ತದೆ."

ಬೇರೆ ವಾಸಿಸಲು ಶುರುಮಾಡಿದ ದಿನವೇ ನನ್ನ ಎಚ್-4 ಹೋಯಿತೇ, ಅಥವಾ ತೀರ್ಪಿನ ದಿನ ಹೋಗುತ್ತದೆಯೇ? ಇಎಡಿ ಕಾರ್ಡಿನಲ್ಲಿ ಇನ್ನೂ ಒಂದೂವರೆ ವರ್ಷದ ಅವಧಿ ಇದೆ, ಅಲ್ಲಿಯವರೆಗೆ ಕೆಲಸ ಮಾಡಬಹುದೇ? ಹೊಂದಿಕೊಂಡು ಹೋಗಿ ಎಂಬ ಸಲಹೆ ದಯವಿಟ್ಟು ಬೇಡ. ಅದನ್ನು ಹೇಳಲು ಮನೆಯಲ್ಲಿ ಸಾಕಷ್ಟು ಜನರಿದ್ದಾರೆ.

ತುದಿಗಾಲು
ಸಹಿ ಹಾಕಬೇಡಿ. ವಲಸೆ ವಕೀಲರನ್ನು ಕಾಣುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.

ಹಳೆಯ ಕಡತ
ಅಕ್ಕಾ, ಮೊದಲು ಉಸಿರು ಬಿಡಿ. ಬೇರೆ ಮನೆಯಲ್ಲಿರುವುದರಿಂದ ಎಚ್-4 ಹೋಗುವುದಿಲ್ಲ. ಕಾನೂನಿನ ಕಣ್ಣಿಗೆ ನೀವು ಇನ್ನೂ ಹೆಂಡತಿಯೇ. ಅವರ ಎಚ್-1ಬಿ ಸರಿಯಾಗಿರುವ ತನಕ ನಿಮ್ಮದೂ ಸರಿಯಾಗಿರುತ್ತದೆ. ಅದು ಮುಗಿಯುವುದು ನ್ಯಾಯಾಲಯದ ಅಂತಿಮ ತೀರ್ಪು ಬಂದ ದಿನ. ಅರ್ಜಿ ಹಾಕಿದ ದಿನವೂ ಅಲ್ಲ, ಒಪ್ಪಂದಕ್ಕೆ ಸಹಿ ಹಾಕಿದ ದಿನವೂ ಅಲ್ಲ.

ಆದರೆ ಇಎಡಿ ಕಾರ್ಡಿನ ಮೇಲೆ ಮುದ್ರಿಸಿದ ದಿನಾಂಕವನ್ನು ನಂಬಿ ಕೂರಬೇಡಿ. ಆ ಕಾರ್ಡು ನಿಂತಿರುವುದೇ ಎಚ್-4 ಮೇಲೆ. ಬೇರು ಹೋದ ಮೇಲೆ ಕೊಂಬೆ ಹಸಿರಾಗಿ ಕಂಡರೆ ಏನು ಬಂತು? ತೀರ್ಪಿನ ಮರುದಿನದಿಂದ ಮಾಡುವ ಕೆಲಸ ಅನಧಿಕೃತ ಎಂದಾಗುತ್ತದೆ.

ಹಗಲುಗನಸು
ಗಾಬರಿ ಬೇಡ, 60 ದಿನಗಳ ಕಾಲಾವಕಾಶ ಕೊಡುತ್ತಾರೆ. ನನ್ನ ಸಹೋದ್ಯೋಗಿಗೆ ಕೊಟ್ಟಿದ್ದರು.

ಹಳೆಯ ಕಡತ
ಅದು ಕೆಲಸ ಕಳೆದುಕೊಂಡವರಿಗೆ. ಎಚ್-1ಬಿ ನೌಕರಿ ಹೋದರೆ ನೌಕರನಿಗೂ ಅವನ ಅವಲಂಬಿತರಿಗೂ ಗರಿಷ್ಠ 60 ದಿನ ಸಿಗುತ್ತದೆ. ವಿಚ್ಛೇದನಕ್ಕೆ ಅಂಥ ಯಾವ ಅವಕಾಶವೂ ಇಲ್ಲ. ಈ ಒಂದು ತಪ್ಪು ಮಾಹಿತಿಯಿಂದ ಎಷ್ಟು ಜನ ತೀರ್ಪಿನ ನಂತರ ಅರ್ಜಿ ಹಾಕಲು ಹೋಗಿ ಪೇಚಿಗೆ ಸಿಕ್ಕಿದ್ದಾರೆ ಎಂದು ನೋಡಿದ್ದೇನೆ.

ಹಗಲುಗನಸು
ಸರಿ, ಒಪ್ಪಿದೆ. ಸಹೋದ್ಯೋಗಿಯ ಕೆಲಸ ಹೋದದ್ದೂ ಆಗಲೇ, ವಿಚ್ಛೇದನವಾದದ್ದೂ ಆಗಲೇ. ಎರಡನ್ನೂ ಒಂದೇ ಎಂದು ತಿಳಿದುಕೊಂಡಿದ್ದೆ.

ಎಲೆಮರೆ
ತೀರ್ಪು ಬಂತು ಎಂದರೆ ಅಂದಿನಿಂದಲೇ ಅಕ್ರಮ ವಾಸ ಲೆಕ್ಕಕ್ಕೆ ಬರುತ್ತದೆ, 180 ದಿನ ದಾಟಿದರೆ ಮೂರು ವರ್ಷ ಅಮೆರಿಕಕ್ಕೆ ಕಾಲಿಡುವಂತಿಲ್ಲ. ಹುಷಾರು.

ಹಳೆಯ ಕಡತ
ಅರ್ಧ ಸರಿ. ಸ್ಥಾನಮಾನ ಕಳೆದುಕೊಳ್ಳುವುದು ಬೇರೆ, ಅಕ್ರಮ ವಾಸದ ದಿನಗಳು ಎಣಿಕೆಯಾಗುವುದು ಬೇರೆ. ಐ-94 ಎಂಬ ಪ್ರವೇಶ ದಾಖಲೆಯಲ್ಲಿ, ಎಂದಿನವರೆಗೆ ಇರಬಹುದು ಎಂಬ ನಿರ್ದಿಷ್ಟ ದಿನಾಂಕ ಇರುವವರಿಗೆ ಎಣಿಕೆ ಶುರುವಾಗುವುದು ಆ ದಿನಾಂಕ ದಾಟಿದ ಮೇಲೆ. ಇಲ್ಲವೇ ಅದಕ್ಕೂ ಮುಂಚೆ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಅಥವಾ ವಲಸೆ ನ್ಯಾಯಾಧೀಶರು ಸ್ಥಾನಮಾನ ಮುರಿದಿದೆ ಎಂದು ತೀರ್ಮಾನಿಸಿದ ಮೇಲೆ. 180 ದಿನ ದಾಟಿ ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ತುಂಬಿದ ಮೇಲೆ ಬಿಟ್ಟರೆ ಹತ್ತು ವರ್ಷ ನಿರ್ಬಂಧ, ಅದು ನಿಜ. ಆದರೆ ಎಣಿಕೆ ಶುರುವಾಗಿಲ್ಲ ಎಂದು ನೆಮ್ಮದಿಯಿಂದ ಇರುವಂತೆಯೂ ಇಲ್ಲ. ಸ್ಥಾನಮಾನ ಮುರಿದ ಮೇಲೆ ಇಲ್ಲಿದ್ದುಕೊಂಡೇ ಬೇರೆ ವೀಸಾಕ್ಕೆ ಬದಲಾಗುವ ಬಾಗಿಲು ಬಹುತೇಕ ಮುಚ್ಚುತ್ತದೆ.

ನೇರಮಾತು
ಗಂಡ ಫೋನ್ ಮಾಡಿ ವೀಸಾ ರದ್ದು ಮಾಡಿಸುತ್ತಾನಂತೆ! ಯಾವ ನಂಬರಿಗೆ ಮಾಡುತ್ತಾರೆ, ಕೇಳಿ. ಆ ಸಹಾಯವಾಣಿಯಲ್ಲಿ ಮನುಷ್ಯರ ದನಿ ಕೇಳಿಸಬೇಕಾದರೆ ನನಗೆ ಒಂದೂವರೆ ಗಂಟೆ ಬೇಕಾಯಿತು.

ಸಂಜೆಯ ಪಾಳಿ
ನಗುವ ವಿಷಯವಲ್ಲ ಸರ್. ಫೋನಿನಿಂದ ಎಚ್-4 ರದ್ದಾಗುವುದಿಲ್ಲ, ನಿಜ. ಆದರೆ ಅವರ ಕೈಯಲ್ಲಿ ಬೇರೆ ಹಗ್ಗವಿದೆ. ಅವರು ಕೆಲಸ ಬಿಟ್ಟು ಊರಿಗೆ ಹೊರಟರೆ ಅವರ ಎಚ್-1ಬಿ ಮುಗಿಯುತ್ತದೆ, ಅದರ ಹಿಂದೆ ಇವರದೂ ಮುಗಿಯುತ್ತದೆ. ಎಚ್-4 ವಿಸ್ತರಣೆಯ ಸಮಯ ಬಂದಾಗ ತಮ್ಮ ಮಂಜೂರಾತಿ ಪತ್ರ, ಸಂಬಳದ ಚೀಟಿ ಕೊಡುವುದಿಲ್ಲ ಎನ್ನಬಹುದು. ನನ್ನ ಗಂಡ ಮಾಡಿದ್ದು ಅದನ್ನೇ. "ಕೊಡುತ್ತೇನೆ, ಕೊಡುತ್ತೇನೆ" ಎನ್ನುತ್ತಲೇ ಐ-94 ಮುಗಿಯಲು ಹನ್ನೊಂದು ದಿನ ಉಳಿಯುವವರೆಗೆ ತಳ್ಳಿದರು.

ಮಸಿಕುಡಿಕೆ ಅವರೇ, ನಿಮ್ಮ ಐ-94 ಯಾವಾಗ ಮುಗಿಯುತ್ತದೆ? ಅದನ್ನು ನಿಮ್ಮ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಗಡಿ ಇಲಾಖೆಯ ತಾಣದಿಂದ ನೀವೇ ಇಳಿಸಿಕೊಳ್ಳಬಹುದು. ಇಲ್ಲೇ ಇದ್ದು ವಿಸ್ತರಣೆ ಮಾಡಿಸಿದ್ದರೆ ಹೊಸ ದಿನಾಂಕ ಮಂಜೂರಾತಿ ಪತ್ರದ ಕೆಳಗಿನ ಭಾಗದಲ್ಲಿರುತ್ತದೆ. ಅವರ ಎಚ್-1ಬಿ ಮಂಜೂರಾತಿ ಪತ್ರದ ಪ್ರತಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಇವತ್ತೇ ಫೋಟೊ ತೆಗೆದಿಟ್ಟುಕೊಳ್ಳಿ.

ಮಸಿಕುಡಿಕೆ
ಅವರ ಪತ್ರದ ಪ್ರತಿ ಹಳೆಯ ಇಮೇಲಿನಲ್ಲಿ ಸಿಕ್ಕಿತು. ಐ-94 ಮುಂದಿನ ವರ್ಷದವರೆಗೆ ಇದೆ. ಮಗಳು ಇಲ್ಲಿಯ ಪ್ರಜೆ. ಅದರಿಂದ ನನಗೆ ಏನಾದರೂ ಆಧಾರ ಸಿಗುತ್ತದೆಯೇ?

ಎಲೆಮರೆ
ಇಲ್ಲ. ಮಗಳು ನಿಮ್ಮ ಪರವಾಗಿ ಅರ್ಜಿ ಹಾಕಬೇಕಾದರೆ ಅವಳಿಗೆ 21 ತುಂಬಬೇಕು.

ಕಾಲುದಾರಿ
ಎಲ್ಲರೂ ಹೆಂಗಸರ ಮಾತನ್ನೇ ಆಡುತ್ತಿದ್ದೀರಿ, ನಾನೊಬ್ಬ ಎಚ್-4 ಗಂಡಸು ಇದ್ದೇನೆ. ಇದ್ದೆ ಎನ್ನಬೇಕು. ಹೆಂಡತಿಯದು ಎಚ್-1ಬಿ. ನಾವು ಜಗಳವಾಡಿ ಬೇರೆಯಾದವರಲ್ಲ, ಇಬ್ಬರೂ ಕೂತು ಮಾತಾಡಿಯೇ ಅರ್ಜಿ ಹಾಕಿದ್ದು. ಒಬ್ಬರೇ ವಕೀಲರು, ಕೌಟುಂಬಿಕ ಪ್ರಕರಣಗಳವರು. ವೀಸಾ ಎಂಬ ಪದವೇ ಅವರ ಬಾಯಲ್ಲಿ ಬರಲಿಲ್ಲ, ನಮಗೂ ಹೊಳೆಯಲಿಲ್ಲ. ತೀರ್ಪು ಬಂದು ಎರಡು ವಾರವಾದ ಮೇಲೆ ಕಾಲೇಜು ಸೇರೋಣ ಎಂದು ವಲಸೆ ವಕೀಲರ ಬಳಿ ಹೋದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಲು ಐ-539 ಅರ್ಜಿ ಹಾಕಬೇಕು, ಹಾಕುವ ದಿನ ಕೈಯಲ್ಲಿ ಸರಿಯಾದ ಸ್ಥಾನಮಾನ ಇರಬೇಕು. ನನ್ನ ಬಳಿ ಇರಲಿಲ್ಲ. ಆಕೆ ಕಾಗದ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗಲೇ ಅರ್ಥವಾಯಿತು.

ಕೊನೆಗೆ ದೇಶ ಬಿಟ್ಟು, ಹೊರಗಿನಿಂದ ಎಫ್-1 ವೀಸಾ ಮಾಡಿಸಿಕೊಂಡು ಬಂದೆ. ಏಳು ತಿಂಗಳು ಹೋಯಿತು. ಎರಡು ವಾರ ಮುಂಚೆ ಹೋಗಿದ್ದರೆ ವಿಮಾನವನ್ನೇ ಹತ್ತಬೇಕಿರಲಿಲ್ಲ.

ನೇರಮಾತು
ಗಂಡಸರಿಗೆ ಏಳು ತಿಂಗಳು ವನವಾಸ. ಹೆಂಗಸರಾದರೆ ವಾವಾ ಎಂಬ ಮಹಿಳಾ ದೌರ್ಜನ್ಯ ತಡೆ ಕಾನೂನಿನಲ್ಲಿ ಒಂದು ದೂರು ಬರೆದರೆ ಮನೆ ಬಾಗಿಲಿಗೆ ಗ್ರೀನ್ ಕಾರ್ಡ್ ಬರುತ್ತದೆ. ಸತ್ಯ ಹೇಳಿದರೆ ಎಲ್ಲರಿಗೂ ಕೋಪ.

ಸಂಜೆಯ ಪಾಳಿ
ಸತ್ಯ ಹೇಳಿದರೆ ಕೋಪ ಬರುವುದಿಲ್ಲ. ಒಂದೇ ಸಾಲಿನಲ್ಲಿ ಮೂರು ತಪ್ಪು ಹೇಳಿದರೆ ಬರುತ್ತದೆ. ವಾವಾ ಹೆಸರಿನಲ್ಲಿ ಮಹಿಳೆ ಎಂದಿದ್ದರೂ ದೌರ್ಜನ್ಯಕ್ಕೆ ಒಳಗಾದ ಗಂಡಸರೂ ಅದರ ಅರ್ಜಿಯಾದ ಐ-360 ಹಾಕಬಹುದು. ಅದು ಇರುವುದು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರನ್ನು ಮದುವೆಯಾದವರಿಗೆ. ಎಚ್-1ಬಿ ಗಂಡನ ಹೆಂಡತಿಗೆ ಆ ದಾರಿಯೇ ಇಲ್ಲ. ಇನ್ನು ಸುಮ್ಮನೆ ಬರೆದುಕೊಟ್ಟರೆ ಆಗುವುದಿಲ್ಲ. ಒಟ್ಟಿಗೆ ಬಾಳಿದ್ದಕ್ಕೆ, ಮದುವೆ ನಿಜವಾದದ್ದು ಎಂಬುದಕ್ಕೆ, ದೌರ್ಜನ್ಯ ನಡೆದದ್ದಕ್ಕೆ, ಪ್ರತಿಯೊಂದಕ್ಕೂ ಪುರಾವೆ ಕೊಡಬೇಕು. ವಿಚ್ಛೇದನವಾಗಿದ್ದರೆ ಎರಡು ವರ್ಷದೊಳಗೆ ಹಾಕಬೇಕು, ಆ ವಿಚ್ಛೇದನಕ್ಕೂ ದೌರ್ಜನ್ಯಕ್ಕೂ ಸಂಬಂಧವಿದೆ ಎಂದೂ ತೋರಿಸಬೇಕು.

ನೇರಮಾತು
ಎಚ್-4ಗೆ ಇಲ್ಲ ಎಂಬುದು ಗೊತ್ತಿರಲಿಲ್ಲ. ಉಳಿದ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಸಂಜೆಯ ಪಾಳಿ
ತೆಗೆದುಕೊಳ್ಳಬೇಡಿ, ಭದ್ರವಾಗಿ ಇಟ್ಟುಕೊಳ್ಳಿ.

ಹಳೆಯ ಕಡತ
ಎಚ್-4 ಮೇಲಿರುವ ದೌರ್ಜನ್ಯ ಸಂತ್ರಸ್ತರಿಗೆ ಇರುವುದು ಐ-765ವಿ ಎಂಬ ಪ್ರತ್ಯೇಕ ಅರ್ಜಿ. ಅದು ಕೆಲಸದ ಅನುಮತಿ ಮಾತ್ರ, ವಾಸದ ಸ್ಥಾನಮಾನ ಕೊಡುವುದಿಲ್ಲ. ಎ, ಇ-3, ಜಿ ಮತ್ತು ಎಚ್ ವೀಸಾದವರ ಸಂಗಾತಿಗಳಿಗೆ ಉಂಟು. ಕಂಪನಿಯೊಳಗಿನ ವರ್ಗಾವಣೆಯ ಮೇಲೆ ಬಂದವರ ಸಂಗಾತಿಗಳಿಗೆ, ಅಂದರೆ ಎಲ್-2 ಇರುವವರಿಗೆ ಇಲ್ಲ. ಯಾಕೆ ಬಿಟ್ಟರೋ ಸಂಸತ್ತಿಗೇ ಗೊತ್ತು. ಅಪರಾಧಕ್ಕೆ ಒಳಗಾಗಿ ಪೊಲೀಸರ ತನಿಖೆಗೆ ನೆರವಾದವರು ಯು ವೀಸಾ ಕೇಳಬಹುದು. ಆದರೆ ಅದರಲ್ಲಿ ವರ್ಷಕ್ಕೆ 10,000ದ ಮಿತಿಯಿದೆ, ಸಾಲು ಬಹಳ ಉದ್ದ.

ಬಿಳಿ ಲಕೋಟೆ
ನನ್ನದು ಬೇರೆ ಕಥೆ, ಆದರೆ ಇಲ್ಲಿ ಓದುವ ಯಾರಿಗಾದರೂ ಉಪಯೋಗವಾದೀತು. ನಾನು ಅಮೆರಿಕದ ಪ್ರಜೆಯನ್ನು ಮದುವೆಯಾದೆ. ಗ್ರೀನ್ ಕಾರ್ಡ್ ಬಂದ ದಿನ ಮದುವೆಗೆ ಎರಡು ವರ್ಷ ತುಂಬಿರಲಿಲ್ಲ, ಹಾಗಾಗಿ ಎರಡು ವರ್ಷದ ಷರತ್ತಿನ ಕಾರ್ಡು ಕೊಟ್ಟರು. ಅದು ಮುಗಿಯುವ ಮೊದಲಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಆ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ನನ್ನ ಪಾಲಿಗೆ ಇಬ್ಬರು ಎಂಬುದೇ ಉಳಿದಿರಲಿಲ್ಲ.

ವಿಚ್ಛೇದನವಾದವರು ಒಬ್ಬರೇ ವಿನಾಯಿತಿ ಕೇಳಿ ಹಾಕಬಹುದು, 90 ದಿನದ ಕಿಟಕಿ ತೆರೆಯುವವರೆಗೆ ಕಾಯಬೇಕಾಗಿಲ್ಲ. ಅವರಿಗೆ ಬೇಕಾದದ್ದು ಮದುವೆ ಯಾಕೆ ಮುರಿಯಿತು ಎಂಬುದಕ್ಕಿಂತ ಹೆಚ್ಚಾಗಿ ಮದುವೆ ನಿಜವಾಗಿ ನಡೆದಿತ್ತೇ ಎಂಬುದು. ನಾನು ಕೊಟ್ಟದ್ದು ಜಂಟಿ ಬ್ಯಾಂಕ್ ಖಾತೆಯ ವಿವರ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆ, ಫೋಟೊಗಳು. ತೆರಿಗೆಯ ಕಾಗದಗಳೆಲ್ಲ ಅವರ ಬಳಿ ಇದ್ದವು, ಕೇಳಲು ಮನಸ್ಸಿರಲಿಲ್ಲ. ಜಂಟಿಯಾಗಿ ಸಲ್ಲಿಸಿದ ತೆರಿಗೆಯ ವಿವರವನ್ನು ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಇಬ್ಬರಲ್ಲಿ ಯಾರು ಬೇಕಾದರೂ ತರಿಸಿಕೊಳ್ಳಬಹುದು ಎಂದು ಆಮೇಲೆ ತಿಳಿಯಿತು. ಐದು ನಿಮಿಷದ ಕೆಲಸ. ಅದಕ್ಕಾಗಿ ನಾನು ಮೂರು ವಾರ ಅತ್ತಿದ್ದೆ.

ಬೆಂಚುಕಲ್ಲು
ಬಿಳಿ ಲಕೋಟೆ ಅವರೇ, ತೀರ್ಪು ಇನ್ನೂ ಬಂದಿಲ್ಲ, ಆದರೆ ಕಾರ್ಡಿನ ಅವಧಿ ಮುಗಿಯುತ್ತಿದೆ ಎಂದರೆ? ನನ್ನ ತಂಗಿಯ ಸ್ಥಿತಿ ಅದು.

ಬಿಳಿ ಲಕೋಟೆ
ಅದೇ ಇದರಲ್ಲಿ ಇಕ್ಕಟ್ಟಿನ ಜಾಗ. ವಿಚ್ಛೇದನದ ವಿನಾಯಿತಿಗೆ ಅಂತಿಮ ತೀರ್ಪು ಬೇಕೇ ಬೇಕು. ದೌರ್ಜನ್ಯ ಅಥವಾ ತೀವ್ರ ಸಂಕಷ್ಟದ ಆಧಾರದ ವಿನಾಯಿತಿಗೆ ಬೇಡ. ಗಂಡ ಸಹಿ ಹಾಕಲು ಸಿದ್ಧನಿದ್ದರೆ ಜಂಟಿಯಾಗಿ ಹಾಕಿ, ತೀರ್ಪು ಬಂದ ಮೇಲೆ ಅದನ್ನೇ ವಿನಾಯಿತಿಯ ಅರ್ಜಿಯಾಗಿ ಬದಲಾಯಿಸಿ ಎಂದು ಕೇಳಬಹುದು. ಆದರೆ ಒಟ್ಟಿಗೆ ಇದ್ದೇವೆ ಎಂದು ಸುಳ್ಳು ಬರೆಯಬಾರದು. ಅರ್ಜಿ ಹಾಕಿದ ಮೇಲೆ ಬರುವ ರಸೀದಿ 2023ರಿಂದ ಕಾರ್ಡಿನ ಅವಧಿಯನ್ನು 48 ತಿಂಗಳು ಮುಂದಕ್ಕೆ ಹಾಕುತ್ತದೆ, ಅಷ್ಟರಲ್ಲಿ ತೀರ್ಪು ಬಂದೀತು. ತಂಗಿಯನ್ನು ಈ ವಾರವೇ ವಕೀಲರ ಬಳಿ ಕಳುಹಿಸಿ.

ಎಲೆಮರೆ
ಮೂರು ವರ್ಷಕ್ಕೆ ಪೌರತ್ವ ಎಂಬ ಲೆಕ್ಕವೂ ಅಲ್ಲಿಗೆ ಮುಗಿಯಿತು. ಅಮೆರಿಕದ ಪ್ರಜೆಯಾದ ಸಂಗಾತಿಯೊಂದಿಗೆ ಬಾಳುತ್ತಿರುವವರಿಗೆ ಮಾತ್ರ ಮೂರು, ಉಳಿದವರಿಗೆ ಐದು.

ಬಿಳಿ ಲಕೋಟೆ
ಹೌದು. ನಾನು ಐದೇ ಕಾದೆ. ಇನ್ನೊಂದು ತಮಾಷೆ ಕೇಳಿ. ಆಗ ನನಗಾಗಿ ಐ-864 ಎಂಬ ಪೋಷಣೆಯ ಮುಚ್ಚಳಿಕೆಗೆ ಸಹಿ ಹಾಕಿದ್ದು ನನ್ನ ಮಾಜಿ ಗಂಡ. ವಿಚ್ಛೇದನವಾದರೂ ಅದು ಮುಗಿಯುವುದಿಲ್ಲ! ನಾನು ಪೌರಳಾಗಬೇಕು, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕ ನನ್ನ ಲೆಕ್ಕಕ್ಕೆ ಬರಬೇಕು, ಇಲ್ಲವೇ ಶಾಶ್ವತವಾಗಿ ದೇಶ ಬಿಡಬೇಕು, ಇಲ್ಲವೇ ನಮ್ಮಿಬ್ಬರಲ್ಲಿ ಒಬ್ಬರು ಸಾಯಬೇಕು. ನಾನು ಪೌರಳಾದ ದಿನ ಅವರಿಗೆ "ನೀವು ಈಗ ಬಿಡುಗಡೆ" ಎಂದು ಒಂದು ಸಾಲು ಬರೆಯೋಣ ಎನಿಸಿತ್ತು. ಬರೆಯಲಿಲ್ಲ.

ನೇರಮಾತು
ನೋಡಿದಿರಾ, ಕೊನೆಗೂ ಗಂಡನ ತಲೆಗೇ!

ಬಿಳಿ ಲಕೋಟೆ
ನಾನು ಅವರಿಂದ ಒಂದು ಡಾಲರ್ ಕೇಳಿಲ್ಲ ಸ್ವಾಮಿ. ಹೆಂಡತಿ ಪ್ರಜೆಯಾಗಿ ಗಂಡ ವಲಸೆ ಬಂದಿದ್ದರೆ ಅವಳ ತಲೆಗೇ.

ಚುರುಕುಮುಳ್ಳು
ಯಾರೂ ಹೇಳದ ಒಂದು ಉಪಾಯ. ತೀರ್ಪನ್ನೇ ಮುಂದೂಡಿ. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಕಾಗದದ ಮೇಲೆ ಗಂಡ ಹೆಂಡತಿಯಾಗಿರಿ. ಆಮೇಲೆ ಬಿಟ್ಟರಾಯಿತು.

ಎಲೆಮರೆ
ಅದು ಮೋಸ. ಜೈಲಿಗೆ ಕಳುಹಿಸುವ ಸಲಹೆ ಕೊಡಬೇಡಿ.

ಹಳೆಯ ಕಡತ
ಮೋಸ ಎಂಬುದು ದೊಡ್ಡ ಮಾತು. ನಿಜವಾಗಿ ಬಾಳಲೆಂದೇ ಆದ ಮದುವೆ, ಈಗ ಹದಗೆಟ್ಟಿದೆ, ಇಬ್ಬರೂ ವಿಚ್ಛೇದನ ತೆಗೆದುಕೊಳ್ಳದೆ ಇದ್ದಾರೆ ಎಂದರೆ ಅದಷ್ಟೇ ಮೋಸವಾಗುವುದಿಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಅವಲಂಬಿತರ ಕೊನೆಯ ಹಂತದ ಅರ್ಜಿಯಾದ ಐ-485 ಮಂಜೂರಾಗುವ ದಿನ ಮದುವೆ ಕಾನೂನುಬದ್ಧವಾಗಿ ಉಳಿದಿರಬೇಕು. ಅದಕ್ಕೆ ಮುಂಚೆ ತೀರ್ಪು ಬಂದರೆ ಆ ಅರ್ಜಿ ಸತ್ತಂತೆ. ಮಂಜೂರಾದ ಮೇಲೆ ಬಂದರೆ ಕಾರ್ಡು ಉಳಿಯುತ್ತದೆ. ಸಂದರ್ಶನದಲ್ಲಿ ಒಂದೇ ಮನೆಯಲ್ಲಿದ್ದೇವೆ ಎಂದು ಸುಳ್ಳು ಹೇಳಿದರೆ ಮಾತ್ರ ಅದು ಬೇರೆಯೇ ವಿಷಯ, ಕುತ್ತಿಗೆಗೆ ಬರುತ್ತದೆ.

ಆದರೆ ಇವರ ವಿಷಯಕ್ಕೆ ಈ ಉಪಾಯ ಯಾವ ಕೆಲಸಕ್ಕೂ ಬಾರದು. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇಕಡ 7ರ ಮಿತಿ, ಭಾರತದವರ ಸಾಲು ಹತ್ತು ವರ್ಷಕ್ಕೂ ಮೀರಿದ್ದು. ಸರದಿ ಇನ್ನು ಕೆಲವೇ ತಿಂಗಳಲ್ಲಿ ಇದ್ದವರಿಗೆ ಈ ಲೆಕ್ಕಾಚಾರ ಇರಲಿ. ಇವರು ಆ ಕಾಗದಕ್ಕಾಗಿ ಇನ್ನೊಂದು ದಶಕ ಆ ಮನುಷ್ಯನ ಇಮೇಲ್ ಓದಬೇಕೇ?

ಮಸಿಕುಡಿಕೆ
ಬೇಡ.

ತುದಿಗಾಲು
ದಶಕ ಬೇಡ, ಕೆಲವು ತಿಂಗಳು ಸಿಕ್ಕರೆ ಸಾಕು. ಯಾವ ರಾಜ್ಯ ಎಂದು ಹೇಳಬೇಡಿ, ಆದರೆ ನಿಮ್ಮ ರಾಜ್ಯದ ಕಾಯುವ ಅವಧಿ ನೋಡಿಕೊಳ್ಳಿ. ಕ್ಯಾಲಿಫೋರ್ನಿಯದಲ್ಲಿ ಎದುರಾಳಿಗೆ ಅರ್ಜಿ ತಲುಪಿದ ಮೇಲೆ ಕನಿಷ್ಠ ಆರು ತಿಂಗಳು ತೀರ್ಪು ಕೊಡುವುದಿಲ್ಲ. ಟೆಕ್ಸಾಸ್‌ನಲ್ಲಿ ಅರ್ಜಿ ಹಾಕಿದಲ್ಲಿಂದ 60 ದಿನ ಅಷ್ಟೆ. ಒಪ್ಪಂದದ ಮಾತುಕತೆಯಲ್ಲಿ ತೀರ್ಪಿನ ದಿನವನ್ನೂ ಒಂದು ವಿಷಯವಾಗಿ ಇಡಬಹುದು. ಮನೆ, ಕಾರು, ಉಳಿತಾಯ ಎಲ್ಲ ಹಂಚುತ್ತೀರಿ, ದಿನಾಂಕ ಯಾಕೆ ಬಿಡುತ್ತೀರಿ?

ಕಾಲುದಾರಿ
ಇದನ್ನು ನನಗೆ ಆಗ ಯಾರಾದರೂ ಹೇಳಿದ್ದರೆ!

ಬೆಂಚುಕಲ್ಲು
ವಿಷಯಾಂತರ, ಕ್ಷಮಿಸಿ. ಇಲ್ಲಿ ಪಡೆದ ವಿಚ್ಛೇದನ ಭಾರತದಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಾರೆ, ಹೌದೇ?

ಹಳೆಯ ಕಡತ
ಯಾವಾಗಲೂ ಬರುವುದಿಲ್ಲ ಎಂದಲ್ಲ. 1991ರಲ್ಲಿ ನರಸಿಂಹ ರಾವ್ ಮತ್ತು ವೆಂಕಟಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಒಬ್ಬರು ಇನ್ನೊಬ್ಬರ ಬೆನ್ನ ಹಿಂದೆ, ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣ ಕೊಟ್ಟು ತಂದ ತೀರ್ಪನ್ನು ಅಲ್ಲಿ ಒಪ್ಪುವುದಿಲ್ಲ. ಇಬ್ಬರೂ ಇಲ್ಲಿನ ನ್ಯಾಯಾಲಯಕ್ಕೆ ಸ್ವಇಚ್ಛೆಯಿಂದ ಹಾಜರಾಗಿ ಒಪ್ಪಿದ್ದರೆ ಮಾತು ಬೇರೆ. ಹಾಗಂತ ಯುಎಸ್‌ಸಿಐಎಸ್ ಮುಂದೆ ಹೋಗಿ "ನಮ್ಮ ದೇಶದಲ್ಲಿ ನಾನಿನ್ನೂ ಹೆಂಡತಿ" ಎಂದರೆ ನಡೆಯುವುದಿಲ್ಲ. ಇಲ್ಲಿನ ತೀರ್ಪು ಬಂದರೆ ಎಚ್-4 ಹೋಯಿತು.

ಮಸಿಕುಡಿಕೆ
ಎಲ್ಲರಿಗೂ ಧನ್ಯವಾದ. ಎಫ್-1 ಬಗ್ಗೆ ಯೋಚಿಸುತ್ತಿದ್ದೇನೆ, ಆದರೆ ಕೆಲಸ ಬಿಟ್ಟು ಕಾಲೇಜಿನ ಶುಲ್ಕ ಕಟ್ಟುತ್ತಾ ಮಗಳನ್ನು ಹೇಗೆ ನೋಡಿಕೊಳ್ಳುವುದು ತಿಳಿಯುತ್ತಿಲ್ಲ. ಎಚ್-1ಬಿ ಲಾಟರಿ ಮಾರ್ಚ್ ತಿಂಗಳಿಗೆ, ಸಿಕ್ಕರೂ ಕೆಲಸ ಶುರುವಾಗುವುದು ಅಕ್ಟೋಬರ್‌ಗೆ. ಹಿಂದೆ ಒಮ್ಮೆ ಲಾಟರಿಯಲ್ಲಿ ಹೆಸರು ಬಂದಿತ್ತು, ಆ ಅದೃಷ್ಟ ಎರಡನೆಯ ಬಾರಿ ಬರುತ್ತದೆಯೇ?

ಹಳೆಯ ಕಡತ
ನಿಲ್ಲಿ. ಹಿಂದೆ ಒಮ್ಮೆ ಎಂದರೆ? ನೀವು ಎಚ್-1ಬಿ ಮೇಲೆ ಕೆಲಸ ಮಾಡಿದ್ದೀರಾ?

ಮಸಿಕುಡಿಕೆ
ಹೌದು, ಮಗಳು ಹುಟ್ಟುವ ಮೊದಲು ಎರಡು ವರ್ಷ. ಆಮೇಲೆ ಎಚ್-4ಗೆ ಬದಲಾದೆ. ಮನೆಯಲ್ಲಿ ಒಬ್ಬರು ಇರಲೇಬೇಕಲ್ಲ ಎಂದರು.

ಹಳೆಯ ಕಡತ
ಅಕ್ಕಾ, ಇದನ್ನು ಮೊದಲ ಸಾಲಿನಲ್ಲೇ ಬರೆಯಬಾರದಿತ್ತೇ! ಒಮ್ಮೆ ಎಚ್-1ಬಿಯ ವಾರ್ಷಿಕ ಮಿತಿಯ ಲೆಕ್ಕದಲ್ಲಿ ಎಣಿಕೆಯಾದವರು ಮತ್ತೆ ಲಾಟರಿಗೆ ನಿಲ್ಲಬೇಕಾಗಿಲ್ಲ. ಎಚ್-1ಬಿಗೆ ಇರುವ ಗರಿಷ್ಠ ಆರು ವರ್ಷದಲ್ಲಿ ನೀವು ಬಳಸಿದ್ದು ಎರಡು. ಎಚ್-4ರಲ್ಲಿ ಕಳೆದ ಕಾಲ ಆ ಆರರಲ್ಲಿ ಸೇರುವುದಿಲ್ಲ. ಉಳಿದ ನಾಲ್ಕು ವರ್ಷಕ್ಕೆ ಈಗಿನ ನಿಮ್ಮ ಕಂಪನಿ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಕೆಲಸ ಎಚ್-1ಬಿಗೆ ತಕ್ಕುದಾಗಿರಬೇಕು, ಕಂಪನಿ ಒಪ್ಪಬೇಕು, ಅಷ್ಟೆ. ಶುಲ್ಕ ಕಟ್ಟಿ ತ್ವರಿತ ಪರಿಶೀಲನೆ ಕೇಳಿದರೆ 15 ಕೆಲಸದ ದಿನಗಳಲ್ಲಿ ಉತ್ತರ. ತೀರ್ಪು ಬರುವ ಮುಂಚೆ, ಎಚ್-4 ಜೀವಂತ ಇರುವಾಗಲೇ ಮಂಜೂರಾತಿ ಕೈಗೆ ಬರಬೇಕು. ಹಳೆಯ ಎಚ್-1ಬಿ ಮಂಜೂರಾತಿ ಪತ್ರ ಎಲ್ಲಿದೆ?

ಮಸಿಕುಡಿಕೆ
ಹಳೆಯ ಮನೆಯಲ್ಲಿ. ಅವರ ಬೀರುವಿನಲ್ಲಿ.

ಸಂಜೆಯ ಪಾಳಿ
ಸಿಗದಿದ್ದರೆ ಆಗಿನ ಕಂಪನಿಯ ಸಿಬ್ಬಂದಿ ವಿಭಾಗವನ್ನು ಕೇಳಿ. ಅಂದಹಾಗೆ ಮನೆ ಬದಲಾಯಿಸಿದ ಮೇಲೆ ವಿಳಾಸ ತಿಳಿಸಿದ್ದೀರಾ? ಹತ್ತು ದಿನದೊಳಗೆ ಎಆರ್-11 ಹಾಕಬೇಕು. ನಾನು ಹಾಕಿರಲಿಲ್ಲ. ಸರ್ಕಾರದಿಂದ ಬಂದ ಪತ್ರವೊಂದು ಆರು ವಾರ ಗಂಡನ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತಿತ್ತು.

ಮಸಿಕುಡಿಕೆ
ಮನೆ ಬಿಟ್ಟು ಬಂದವಳು ನಾನೇ. ವಿಳಾಸ ತಿಳಿಸಿಲ್ಲ. ಈಗಲೇ ಮಾಡುತ್ತೇನೆ.

ಮಸಿಕುಡಿಕೆ
(ಒಂಬತ್ತು ದಿನಗಳ ನಂತರ) ಹೇಳಿಬಿಡೋಣ ಎಂದು ಬಂದೆ. ಹಳೆಯ ಕಂಪನಿಯವರು ಪತ್ರದ ಪ್ರತಿ ಕಳುಹಿಸಿದರು. ಈಗಿನ ಕಂಪನಿಯ ವಲಸೆ ವಕೀಲರೂ ಅದನ್ನೇ ಹೇಳಿದರು, ಲಾಟರಿ ಬೇಕಿಲ್ಲ ಎಂದು. ಕೆಲಸಕ್ಕೆ ಕೊಡುವ ಸಂಬಳದ ದೃಢೀಕರಣಕ್ಕೆ ಮೊದಲು ಕಾರ್ಮಿಕ ಇಲಾಖೆಗೆ ಹೋಗಬೇಕಂತೆ, ಅದಕ್ಕೆ ಒಂದು ವಾರ. ಗಂಡನ ವಕೀಲರಿಂದ ಎರಡನೆಯ ನೆನಪೋಲೆ ಬಂದಿದೆ. ನನ್ನ ವಕೀಲರು ಕರಡನ್ನು ಓದುತ್ತಿದ್ದಾರೆ ಎಂದು ಉತ್ತರ ಕೊಟ್ಟೆ. ಅದು ಸುಳ್ಳೂ ಅಲ್ಲ.

ತುದಿಗಾಲು
ಐ-94 ಇಳಿಸಿಕೊಂಡಿರಾ?

ಮಸಿಕುಡಿಕೆ
ಇಳಿಸಿಕೊಂಡೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ.

ಹಳೆಯ ಕಡತ
ವಿಮಾನ ನಿಲ್ದಾಣದಲ್ಲಿರುವ ಗಡಿ ಇಲಾಖೆಯ ತಿದ್ದುಪಡಿ ಕಚೇರಿಗೆ ಬರೆಯಿರಿ. ಅರ್ಜಿ ಹೋಗುವ ಮುಂಚೆ ಬರೆಯಿರಿ.